ಗಣಿತದಲ್ಲಿ 93, ಆದರೂ ಮನಶ್ಶಾಸ್ತ್ರವೇ ಬೇಕಂತೆ

ಪ್ರಶ್ನೆ: ನನ್ನ ಮಗಳಿಗೆ ಗಣಿತದಲ್ಲಿ ನೂರಕ್ಕೆ 93 ಬಂದಿದೆ. ಅವಳಿಗಿಂತ ಕಡಿಮೆ ಅಂಕ ತೆಗೆದಿದ್ದ ಅಣ್ಣ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾನೆ. ಇವಳು ಮಾತ್ರ ಮನಶ್ಶಾಸ್ತ್ರವೇ ಬೇಕು ಅನ್ನುತ್ತಾಳೆ. ಹೆಣ್ಣುಮಕ್ಕಳ ಸ್ವಭಾವವೇ ಹೀಗಾ ಮೇಡಂ?
— ಒಬ್ಬ ತಾಯಿ

ಉತ್ತರ: ಮಗ ಮೆಕ್ಯಾನಿಕಲ್ ತಗೊಂಡಾಗ ‘ಗಂಡುಮಕ್ಕಳ ಸ್ವಭಾವವೇ ಹೀಗಾ’ ಅಂತ ನೀವು ಕಾಗದ ಬರೆಯಲಿಲ್ಲ, ಅಲ್ವಾ? ಸುಮ್ನೆ ತಮಾಷೆಗೆ ಕೇಳಿದೆ, ಬೇಜಾರಾಗಬೇಡಿ.

ನಾನು ಇಪ್ಪತ್ತಾರು ವರ್ಷ ಗಣಿತ ಪಾಠ ಮಾಡಿದವಳು. ಎರಡು ಅಂಕಪಟ್ಟಿ ಇನ್ನೂ ಕಣ್ಣ ಮುಂದಿವೆ. ಹುಡುಗಿಗೆ ಗಣಿತ 91, ಭಾಷೆ 97. ಅವಳ ಹಿಂದಿನ ಬೆಂಚಿನ ಹುಡುಗನಿಗೆ ಗಣಿತ 84, ಭಾಷೆ 61. ಅವನು ಎಂಜಿನಿಯರಿಂಗ್‌ಗೆ ಹೋದ, ಅವಳು ಸಾಹಿತ್ಯಕ್ಕೆ. ಯಾಕಮ್ಮ ಅಂದರೆ, ‘ನಂಗೆ ಗಣಿತ ಅಷ್ಟು ಬರಲ್ಲ ಮಿಸ್’ ಅಂದಳು. 91 ತೆಗೆದವಳು! ಅದನ್ನು ಅವಳು ಹುಡುಗನ 84ರ ಪಕ್ಕ ಇಟ್ಟು ನೋಡಿರಲೇ ಇಲ್ಲ. ತನ್ನದೇ 97ರ ಪಕ್ಕ ಇಟ್ಟು ನೋಡಿದ್ದಳು.

2019ರಲ್ಲಿ ಬ್ರೆಡಾ ಮತ್ತು ನ್ಯಾಪ್ ಎಂಬ ಸಂಶೋಧಕರು 64 ದೇಶಗಳ ಸುಮಾರು 3 ಲಕ್ಷ ಮಕ್ಕಳ ಅಂಕಗಳನ್ನು ನೋಡಿ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಗಣಿತದಲ್ಲಿ ಹುಡುಗ ಹುಡುಗಿಯರ ನಡುವೆ ಅಂತರ ಸಣ್ಣದು. ಓದಿ ಅರ್ಥಮಾಡಿಕೊಳ್ಳುವುದರಲ್ಲಿ ಮಾತ್ರ ಹುಡುಗಿಯರು ಬಹಳ ಮುಂದೆ. ಹಾಗಾಗಿ ಗಣಿತ ಬರುವ ಹುಡುಗಿಯೂ ಅದಕ್ಕಿಂತ ಚೆನ್ನಾಗಿ ಬರುವುದರ ಕಡೆ ವಾಲುತ್ತಾಳೆ.

ಇನ್ನು ಸ್ವಭಾವದ ಮಾತು. ಅಮೆರಿಕದಲ್ಲಿ 1984ರ ಹೊತ್ತಿಗೆ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ನೂರಕ್ಕೆ ಸುಮಾರು 37 ಹೆಣ್ಣುಮಕ್ಕಳಿದ್ದರು. 2010ರ ವೇಳೆಗೆ ಅದು 18ರ ಆಸುಪಾಸಿಗೆ ಇಳಿಯಿತು. ಅಷ್ಟರಲ್ಲಿ ಸ್ವಭಾವ ಬದಲಾಗಿಬಿಡ್ತಾ? ಮನೆಗೆ ಬಂದ ಕಂಪ್ಯೂಟರ್ ಹುಡುಗನ ಕೋಣೆ ಸೇರಿತ್ತು. ಕಾಲೇಜಿನ ಮೊದಲ ದಿನಕ್ಕೇ ಹುಡುಗರು ಪಳಗಿರುತ್ತಿದ್ದರು, ಹುಡುಗಿಯರು ‘ಇದು ನಮಗಲ್ಲ’ ಅಂದುಕೊಂಡರು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ‘ಮೊದಲೇ ಪ್ರೋಗ್ರಾಮಿಂಗ್ ಗೊತ್ತಿರಬೇಕು’ ಎಂಬ ಒತ್ತನ್ನು ಕೈಬಿಟ್ಟು, ಇನ್ನೂ ಕೆಲವು ಬದಲಾವಣೆ ಮಾಡಿದರು. ಅಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಹೊಸದಾಗಿ ಸೇರುವವರಲ್ಲಿ ಹುಡುಗಿಯರು 1995ರಲ್ಲಿ ನೂರಕ್ಕೆ 7 ಇದ್ದವರು 2000ದಲ್ಲಿ 42 ಆದರು.

ನಿಮ್ಮ ಮಗಳನ್ನು ಒಂದೇ ಮಾತು ಕೇಳಿ: ಮನಶ್ಶಾಸ್ತ್ರ ಇಷ್ಟವಾ, ಇಲ್ಲ ಗಣಿತದ ಭಯವಾ? ಭಯವಾದರೆ ಕೂತು ಮಾತಾಡಿ. ಇಷ್ಟವೇ ಆದರೆ ಅರ್ಜಿಗೆ ಸಹಿ ಹಾಕಿ. ಅಲ್ಲೂ ಸಂಖ್ಯಾಶಾಸ್ತ್ರ ಇರುತ್ತೆ, ಎಷ್ಟೋ ಮಕ್ಕಳು ತಡವರಿಸುವುದೇ ಅಲ್ಲಿ. ಆ 93 ಕೆಲಸಕ್ಕೆ ಬರುತ್ತೆ.

ಹಾಗೇ ಅವಳ ಅಣ್ಣನನ್ನೂ ಒಮ್ಮೆ ಕೇಳಿ, ಮೆಕ್ಯಾನಿಕಲ್ ಇಷ್ಟವಾಯ್ತಾ ಅಂತ. ಅವನನ್ನು ಯಾರೂ ಕೇಳಿದ ಹಾಗಿಲ್ಲ.