ಮರಳು ಬದಲಿಸುವ ಮೊದಲು ಟ್ಯಾಂಕ್ ನೋಡ್ರಿ

ಕಲಬುರಗಿ ಹೊರವಲಯದ ನಿಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರನ್ನು ಸೋಸುವ ಮರಳು ಫಿಲ್ಟರ್ ಮೇಲೆ ನೀರು ನಿಲ್ಲುತ್ತಿದೆ, ಮರಳೆಲ್ಲ ಬದಲಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬ್ಯಾಡ್ರಿ. ಟ್ಯಾಂಕಿನ ಫರ್ಸಿ ಸರಿಸಿ, ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ. ಬಟ್ಟೆಗೆ ಮೆತ್ತಿದ ಕಪ್ಪು ಕೆಸರಿನ ಗುರುತು ನೀರಿನ ಆಳದ ಮೂರನೇ ಒಂದು ಭಾಗಕ್ಕೆ ಬಂದಿದ್ದರೆ ಸಕ್ಕಿಂಗ್ ಗಾಡಿ ಕರೆಸಿ. ನೀರು ಹೊರಹೋಗುವ ಕಡೆ ತೇಲುವ ಜಿಡ್ಡು ತಡೆಯುವ ಟಿ-ಪೈಪ್ (T ಆಕಾರದ ಪೈಪ್) ಮುರಿದಿದ್ದರೂ ಜಿಡ್ಡು ಸೀದಾ ಮರಳಿಗೇ ಬರುತ್ತದೆ. ಒಳಗೆ ಯಾರೂ ಇಳಿಯಬಾರದು, ತಲೆ ಹಾಕಲೂಬಾರದು; ಟ್ಯಾಂಕಿನೊಳಗಿನ ಗ್ಯಾಸ್ ಜೀವ ತೆಗೆಯುತ್ತದೆ.

ಖಾಲಿಯಾದ ಟ್ಯಾಂಕ್ ಮತ್ತೆ ತುಂಬುವವರೆಗೆ ಫಿಲ್ಟರ್‌ಗೆ ನೀರು ಬರುವುದಿಲ್ಲ. ಆ ದಿನಗಳಲ್ಲೇ ಮರಳು ಒಣಗಲು ಬಿಡಿ. ಮೇಲಿನ 5–8 ಸೆಂ.ಮೀ. ಕಪ್ಪು ಲೋಳೆಪದರ ಕೆರೆದು, ಅಷ್ಟೇ ದಪ್ಪಕ್ಕೆ ತೊಳೆದ ದಪ್ಪ ಮರಳು ಹಾಕಿ. ಪ್ಲಾಸ್ಟರ್ ಮರಳು ಖಂಡಿತ ಬೇಡ, ಅದರ ಧೂಳು ಬೇಗ ಕಟ್ಟಿಕೊಳ್ಳುತ್ತದೆ. ಎರೆಮಣ್ಣಿನ ಮಳೆನೀರು ನುಗ್ಗದಂತೆ ಸುತ್ತ ಗೇಣೆತ್ತರದ ಕಟ್ಟೆ ಇರಲಿ. ಇಷ್ಟಾದರೂ ನೀರು ನಿಂತರೆ ಸೋಸಿದ ನೀರು ಹೊರಗೊಯ್ಯುವ ತಳದ ತೂತಿನ ಪೈಪ್ ಕಟ್ಟಿರಬಹುದು, ಆಗ ಮರಳು ತೆಗೆಯಬೇಕಾದೀತು.