ಓದುಗರ ಪ್ರಶ್ನೆ: ಹೊಳೆ ಬಂದರೆ, ಗಾಳಿ ಎದ್ದರೆ ಅಂಗಡಿ ಗತಿ ಏನು?

ಮಳೆ, ಗಾಳಿ, ನೆರೆಯಿಂದ ಸಣ್ಣ ವ್ಯಾಪಾರ ಕಾಯ್ದುಕೊಳ್ಳುವ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಲದ ಉತ್ತರ.

ನಮ್ಮದು ಅಫಜಲಪುರ ತಾಲ್ಲೂಕು, ಭೀಮಾ ದಂಡಿ ಊರು. ಬೀಜ, ಗೊಬ್ಬರದ ಅಂಗಡಿ. ಸುಗ್ಗಿಯಾಗ ತೊಗರಿನೂ ಹಿಡೀತೀವಿ. 2020ರ ಅಕ್ಟೋಬರದಾಗ ಒಳಗ ಮೂರು ಫೂಟು ನೀರು ನಿಂತಿತ್ತು. ಇಲ್ಲಿ ಹನಿ ಮಳಿ ಇಲ್ಲದಾಗೂ ಹೊಳಿ ಬರತದ. ಮೊದಲೇ ಹ್ಯಾಂಗ ತಿಳೀಬೇಕು, ಮಾಲು ಹ್ಯಾಂಗ ಉಳಿಸಬೇಕು?

ನಿಮ್ಮ ಹೊಳೆ ನಿಮ್ಮೂರ ಮಳೆಗೆ ಕಾಯುವುದಿಲ್ಲ. ಮಹಾರಾಷ್ಟ್ರದ ಉಜನಿ ಜಲಾಶಯ, ನೀರಾ ನದಿಯ ವೀರ್ ಜಲಾಶಯ ಬಿಟ್ಟ ನೀರಿಗೆ ಸೀನಾ ನದಿಯದೂ ಕೂಡಿ ಸೊನ್ನ ಬ್ಯಾರೇಜಿಗೆ ಬರುತ್ತದೆ. ಆದ್ದರಿಂದ ಮೋಡ ನೋಡುತ್ತ ಕೂಡಬೇಡಿ, ಹೊರಹರಿವಿನ ಸುದ್ದಿ ನೋಡಿ. 'ಇಷ್ಟು ಲಕ್ಷ ಕ್ಯೂಸೆಕ್' ಎಂದರೆ ನಿಮ್ಮ ಹೊಸ್ತಿಲಿಗೆ ಎಷ್ಟು ಎಂಬುದನ್ನು ಯಾವ ಇಲಾಖೆಯೂ ಹೇಳಲಾರದು. ಅದನ್ನು ನೀವೇ ಬರೆದಿಟ್ಟುಕೊಳ್ಳಬೇಕು. 2020ರ ನೀರಿನ ಗುರುತನ್ನು ಗೋಡೆಯ ಮೇಲೆ ಬಣ್ಣದಿಂದ ಎಳೆಯಿರಿ. ಇನ್ನು ಮುಂದೆ ಹೊಳೆ ಬಂದಾಗಲೆಲ್ಲ ನೀರು ಊರಿನ ಯಾವ ಮೆಟ್ಟಿಲು, ಯಾವ ಕಂಬ ಮುಟ್ಟಿತು, ಆ ದಿನ ಸೊನ್ನದಿಂದ ಬಿಟ್ಟದ್ದೆಷ್ಟು ಎಂದು ಒಂದು ವಹಿಯಲ್ಲಿ ಬರೆಯಿರಿ. ನಾಲ್ಕೈದು ಸಲದ ಲೆಕ್ಕ ಸಿಕ್ಕರೆ ಯಾವ ಅಂಕಿಗೆ ಮಾಲು ಎತ್ತಬೇಕು ಎಂಬುದು ಗೊತ್ತಾಗುತ್ತದೆ. ಜಿಲ್ಲಾ ಸಹಾಯವಾಣಿ 1077.

ಮಾಲಿನ ವಿಷಯ. ಅರ್ಧ ಫೂಟಿನ ಮರದ ಹಲಗೆ ನೆಲದ ತೇವಕ್ಕೆ ಸಾಕು, ನೆರೆಗೆ ಸಾಲದು. ಗೋಡೆಯ ಗುರುತಿಗಿಂತ ಒಂದು ಫೂಟು ಮೇಲೆ, ಅಂದರೆ ನಿಮ್ಮಲ್ಲಿ ನಾಲ್ಕು ಫೂಟಿಗೆ, ಕಬ್ಬಿಣದ ಆಂಗಲ್‌ನ ಅಟ್ಟ ಬೇಕು. ಅದನ್ನು ಗೋಡೆಗೆ ಬೋಲ್ಟ್ ಮಾಡಿಸಿ. 50 ಕಿಲೋದ 20 ಚೀಲ ಎಂದರೆ ಒಂದು ಟನ್ ಭಾರ. ಅಷ್ಟು ಹೊರುವ ಅಟ್ಟ ಮಾಡಿಸಲಾಗದಿದ್ದರೆ ಬೆಲೆಯ ಬೀಜ ಮಾತ್ರ ಮೇಲಿಟ್ಟು ಉಳಿದದ್ದನ್ನು ಎತ್ತರದ ಓಣಿಯ ಮನೆಗೆ ಸಾಗಿಸುವುದೇ ಸರಿ. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ 60ರಿಂದ 80 ಚೀಲ ಹಿಡಿಯಿರಿ. ಹೊಳೆ ಬಂದ ದಿನ ಹಮಾಲರೂ ಸಿಗುವುದಿಲ್ಲ, ಟ್ರ್ಯಾಕ್ಟರೂ ಸಿಗುವುದಿಲ್ಲ, ಎಲ್ಲರಿಗೂ ಅವರೇ ಬೇಕು. ಜೂನ್ ತಿಂಗಳಲ್ಲೇ ಮಾತಾಡಿ ಬಾಡಿಗೆ ಹೊಂದಿಸಿಡಿ.

ತೊಗರಿ ಚೀಲವನ್ನು ಗೋಡೆಗೆ ತಾಗಿಸಿ ಒಟ್ಟಬೇಡಿ. ಕಾಳು ನೀರು ಕುಡಿದರೆ ಉಬ್ಬಿ ಚೀಲ ಒಡೆಯುತ್ತದೆ. ಕೆಳಗಿನ ಸಾಲು ಕುಸಿದು ಮೇಲಿನ ಒಣ ಚೀಲಗಳೂ ನೀರಿಗೆ ಬೀಳುತ್ತವೆ. ನೆರೆ ನೀರು ಕುಡಿದ ಕಾಳನ್ನು ಬಿಸಿಲಿಗೆ ಹರವಿ ಮಾರುವುದೂ ಬೇಡ. ಅದರಲ್ಲಿ ಚರಂಡಿ ನೀರಿರುತ್ತದೆ, ಬೂಸ್ಟಿನ ವಿಷ ಒಣಗಿಸಿದರೆ ಹೋಗುವುದಿಲ್ಲ. ಕೀಟನಾಶಕವನ್ನು ಎಲ್ಲಕ್ಕಿಂತ ಎತ್ತರದಲ್ಲಿಡಿ, ಆದರೆ ಕಾಳಿನ ನೆತ್ತಿಯ ಮೇಲಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಾಳಿನ ಹುಳಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗೋದಾಮಿನಲ್ಲಿದ್ದರೆ ಅದನ್ನು ಮೊಟ್ಟಮೊದಲು ಹೊರಗೆ ಸಾಗಿಸಿ. ನೀರು ತಾಗಿದರೆ ಫಾಸ್ಫೀನ್ ವಿಷಾನಿಲ ಬರುತ್ತದೆ, ಬೆಂಕಿಯೂ ಹತ್ತಬಹುದು. ಗುಳಿಗೆ ನೆನೆದಿರುವ ಅನುಮಾನವಿದ್ದರೆ ನೀವು ಒಳಗೆ ಹೋಗಬೇಡಿ, ಅಕ್ಕಪಕ್ಕದವರನ್ನೂ ಹತ್ತಿರ ಬಿಡಬೇಡಿ. 112ಕ್ಕೆ ಕರೆ ಮಾಡಿ ಗುಳಿಗೆಯ ಹೆಸರನ್ನೇ ಹೇಳಿ.

ಶಟರ್ ಮುಂದೆ ಮರಳ ಚೀಲ ಇಡುವವರು ಚೀಲವನ್ನು ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ತುಂಬಿಸಿ. ಬಿರಿಯ ತುಂಬಿದ ಚೀಲ ಒಂದಕ್ಕೊಂದು ಕೂಡುವುದಿಲ್ಲ, ಸಂದಿಯಲ್ಲಿ ನೀರು ನುಗ್ಗುತ್ತದೆ. ಇಟ್ಟಿಗೆಯಂತೆ ಸಂದು ತಪ್ಪಿಸಿ ಇಟ್ಟು, ಹೊರಮೈಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಬಚ್ಚಲ ಮೋರಿಗೂ ಬಟ್ಟೆಯ ಉಂಡೆ ತುರುಕಿ ಮೇಲೊಂದು ಭಾರ ಇಡಿ. ಎಷ್ಟೋ ಅಂಗಡಿಗೆ ನೀರು ಬರುವುದು ಬಾಗಿಲಿನಿಂದಲ್ಲ, ಅಲ್ಲಿಂದ. ಹೊರಗೆ ನೀರು ಮೂರು ಫೂಟು ದಾಟುವಂತಿದ್ದರೆ ತಡೆಯುವ ಹಟ ಬಿಡಿ. ಹೊರಗಿನ ಒತ್ತಡಕ್ಕೆ ಗೋಡೆಯೇ ಒಳಗೆ ಬೀಳಬಹುದು.

ಶಹಾಬಾದದಾಗ ಹಿಟ್ಟಿನ ಗಿರಣಿ ಅದ. 10 ಎಚ್‌ಪಿ ಮೋಟಾರು ನೀರಾಗ ಮುಳುಗಿದ್ರ ಒಣಗಿಸಿ ಚಾಲು ಮಾಡಬಹುದೇನ್ರಿ?

ಮಾಡಬಹುದು, ಅವಸರ ಮಾಡದಿದ್ದರೆ. ಆದರೆ ಮುಳುಗುವ ಮೊದಲೇ ಬಿಚ್ಚುವುದು ಲೇಸು. ನಿಮ್ಮ ಕಡೆ ಕಾಗಿಣಾ ನದಿ ಬೇಗ ಏರುತ್ತದೆ. ಭೀಮಾ ತುಂಬಿ ಹರಿಯುತ್ತಿದ್ದರೆ ಹೊನಗುಂಟಾ ಸಂಗಮದಲ್ಲಿ ಕಾಗಿಣಾ ನೀರು ಮುಂದೆ ಸರಿಯದೆ ಹಿಂದಕ್ಕೆ ಒತ್ತುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಬೆಲ್ಟ್ ತೆಗೆದು, ನಾಲ್ಕು ಬೋಲ್ಟ್ ಬಿಚ್ಚಿ, ವೈರುಗಳಿಗೆ ಕೆಂಪು, ಹಳದಿ, ನೀಲಿ ಟೇಪು ಸುತ್ತಿ. ಎರಡು ವೈರು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಬೋಲ್ಟುಗಳಿಗೆ ಈಗಲೇ ಗ್ರೀಸ್ ಹಚ್ಚಿಡಿ. ತುಕ್ಕು ಹಿಡಿದ ಬೋಲ್ಟ್ ಅಂಥ ರಾತ್ರಿ ಬಿಚ್ಚುವುದಿಲ್ಲ. ಸ್ಟಾರ್ಟರನ್ನು ಗೋಡೆಯಲ್ಲಿ ಐದು ಫೂಟು ಎತ್ತರಕ್ಕೆ ಏರಿಸಿ.

ಮುಳುಗಿಬಿಟ್ಟರೆ, ನಿಂತ ನೀರಲ್ಲಿ ಕಾಲಿಟ್ಟು ಸ್ವಿಚ್ ಮುಟ್ಟಬೇಡಿ. ಜೆಸ್ಕಾಂನ 1912ಕ್ಕೆ ಹೇಳಿ ಕಂಬದಲ್ಲೇ ಲೈನ್ ತೆಗೆಸಿ. ಮೋಟಾರಿನ ಎರಡೂ ಕವರ್ ಬಿಚ್ಚಿ, ರೋಟರ್ ಹೊರತೆಗೆದು, ವೈಂಡಿಂಗ್ ಸಂದಿನ ಕೆಸರನ್ನು ಶುದ್ಧ ನೀರಿನಿಂದ ತೊಳೆಯಬೇಕು. ಕೆಸರು ಅಲ್ಲೇ ಒಣಗಿದರೆ ತೇವ ಹಿಡಿದುಕೊಂಡೇ ಇರುತ್ತದೆ. ಬರೀ ಬಿಸಿಲು ಸಾಲದು. ಒಳಗೆ 100 ವ್ಯಾಟಿನ ಹಳೆಯ ಮಾದರಿ ಬಲ್ಬ್ ಇಳಿಬಿಟ್ಟು, ವೈಂಡಿಂಗಿಗೆ ತಾಗದಂತೆ, ಒಂದೆರಡು ದಿನ ಒಣಗಿಸಿ. ಆಮೇಲೆ 500 ವೋಲ್ಟಿನ ಮೆಗ್ಗರ್ (ವೈಂಡಿಂಗಿನಿಂದ ಬಾಡಿಗೆ ಕರೆಂಟ್ ಸೋರುತ್ತದೆಯೇ ಎಂದು ನೋಡುವ ಮೀಟರ್) ಹಚ್ಚಿಸಿ. ವೈಂಡಿಂಗ್ ಮತ್ತು ಬಾಡಿ ನಡುವೆ 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಕರೆಂಟ್ ಕೊಡಲೇಬೇಡಿ, ಮತ್ತೆ ಒಣಗಿಸಿ. ಬೇರಿಂಗ್ ಹೊಸದೇ ಹಾಕಿಸಿ. ಮುಳುಗಿದ ಸ್ಟಾರ್ಟರ್, ಎಂಸಿಬಿ ಒಣಗಿಸಿ ಬಳಸುವಂಥವಲ್ಲ.

ಕಲಬುರಗಿಯಲ್ಲಿ ಗ್ಯಾರೇಜ್. ಬೇಸಿಗೆಯ ಬಿರುಗಾಳಿಗೆ ಪತ್ರಾಸು ಹಾರುತ್ತವೆಂದು ಮೇಲೆ ಕಲ್ಲು ಇಟ್ಟಿದ್ದೇವೆ. ಸಾಕೇ?

ಕಲ್ಲು ತೆಗೆಯಿರಿ. ಪತ್ರಾ ಎದ್ದರೆ ಆ ಕಲ್ಲೇ ಯಾರದೋ ತಲೆಯ ಮೇಲೆ ಬೀಳುತ್ತದೆ. ಗಾಳಿ ಪತ್ರಾವನ್ನು ಒತ್ತುವುದಕ್ಕಿಂತ ಮೇಲಕ್ಕೆ ಹೀರುತ್ತದೆ. ಅಂಚು, ಮೂಲೆಗಳಲ್ಲಿ ಆ ಸೆಳೆತ ಹೆಚ್ಚು. ಅಲ್ಲಿ 8 ಮಿಲಿಮೀಟರಿನ ಜೆ ಬೋಲ್ಟುಗಳನ್ನು ನಡುವಿನದಕ್ಕಿಂತ ಎರಡು ಪಟ್ಟು ಒತ್ತಾಗಿ ಹಾಕಿಸಿ, ಪತ್ರಾದ ಉಬ್ಬಿನ ಮೇಲೆ, ಅಗಲ ವಾಶರಿನೊಂದಿಗೆ. ಪೈಪುಗಳನ್ನು ಕಂಬಕ್ಕೆ, ಕಂಬವನ್ನು ಕಾಂಕ್ರೀಟಿಗೆ ಕಟ್ಟಿರದಿದ್ದರೆ ಇಡೀ ಚಾವಣಿಯೇ ಏಳುತ್ತದೆ. ಗಾಳಿ ಶುರುವಾದೊಡನೆ ಶಟರ್ ಇಳಿಸಿ. ಮುಂದೆ ತೆರೆದ ಶೆಡ್ಡಿನೊಳಗೆ ಹೊಕ್ಕ ಗಾಳಿ ಕೆಳಗಿನಿಂದಲೂ ಎತ್ತುತ್ತದೆ.

ಬೀದರಿನಲ್ಲಿ ಬಟ್ಟೆ ಅಂಗಡಿ. ಬ್ಯಾಂಕ್ ಸಾಲದ ಜೊತೆ ವಿಮೆ ಮಾಡಿಸಿದೆ ಅಂದಿದ್ದಾರೆ. ಬೇರೆ ಬೇಕೇ?

ಮೊದಲು ಪಾಲಿಸಿಯ ಪ್ರತಿ ತರಿಸಿಕೊಂಡು ಓದಿ. ಸಾಮಾನ್ಯವಾಗಿ ಸಾಲದ ಮೊತ್ತಕ್ಕಷ್ಟೇ ವಿಮೆ ಇರುತ್ತದೆ. ಮಾಲು 10 ಲಕ್ಷದ್ದು, ವಿಮೆ 6 ಲಕ್ಷಕ್ಕೆ, ನಷ್ಟ 3 ಲಕ್ಷ ಎನ್ನಿ. ಸಿಗುವುದು 3 ಲಕ್ಷವಲ್ಲ, ಹತ್ತರಲ್ಲಿ ಆರು ಪಾಲು, ಅಂದರೆ 1 ಲಕ್ಷ 80 ಸಾವಿರ, ಅದರಲ್ಲೂ ಪಾಲಿಸಿಯಂತೆ ನೀವೇ ಹೊರಬೇಕಾದ ಪಾಲಿನ ಕಡಿತ ಬೇರೆ. ಒಟ್ಟು ಆಸ್ತಿ 5 ಕೋಟಿ ಮೀರದ ಅಂಗಡಿಗಳಿಗೆ 2021ರ ಏಪ್ರಿಲ್‌ನಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಪಾಲಿಸಿ ಇದೆ. ಅದರಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ ಸೇರಿವೆ, ವಿಮೆ ಮಾಲಿನ ಬೆಲೆಗಿಂತ ಶೇ. 15ರವರೆಗೆ ಕಡಿಮೆ ಬಿದ್ದರೆ ಹತ್ತರಲ್ಲಿ ಆರು ಎಂಬಂಥ ಪಾಲಿನ ಲೆಕ್ಕ ಹಾಕುವುದಿಲ್ಲ. ದೀಪಾವಳಿಯ ಮಾಲು ತುಂಬಿದಾಗಿನ ಬೆಲೆಗೆ ವಿಮೆ ಇರಲಿ. ಬೇರೆ ಓಣಿಯ ಗೋದಾಮು ಇದ್ದರೆ ಅದರ ವಿಳಾಸವೂ ಪಾಲಿಸಿಯಲ್ಲಿರಬೇಕು.

ನಷ್ಟವಾದರೆ ಕೂಡಲೇ ಕಂಪನಿಗೆ ತಿಳಿಸಿ. ಗೋಡೆಯ ನೀರಿನ ಗುರುತು ಕಾಣುವಂತೆ ಫೋಟೊ ತೆಗೆಯಿರಿ. ನಷ್ಟ ಅಂದಾಜಿಸುವ ವಿಮಾ ಸರ್ವೇಯರ್ ನೋಡುವ ತನಕ ಹಾಳಾದ ಥಾನುಗಳನ್ನು ಎಸೆಯಬೇಡಿ, ನೆನೆಯದೆ ಉಳಿದದ್ದನ್ನು ಮಾತ್ರ ಬೇರೆ ಇಡಿ. ಸ್ಟಾಕ್ ವಹಿ, ಬಿಲ್ಲುಗಳ ಪ್ರತಿ ಮನೆಯಲ್ಲೂ ಇರಲಿ. ಹಾಳಾದ ಮಾಲಿಗೆ ಪಡೆದ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಕ್ಕ ವಜಾ, ವಾಪಸ್ ಮಾಡಬೇಕಾಗುತ್ತದೆ. ಈ ಖರ್ಚನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಯಾದಗಿರಿಯಲ್ಲಿ ಔಷಧಿ ಅಂಗಡಿ. ಗಾಳಿ ಮಳೆಗೆ ಇಡೀ ರಾತ್ರಿ ಕರೆಂಟ್ ಹೋದರೆ ಇನ್ಸುಲಿನ್ ಮೇಲೆ ಐಸ್ ಇಡಬಹುದೇ?

ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಅದಕ್ಕೆ ಬೇಕಾದ್ದು 2ರಿಂದ 8 ಡಿಗ್ರಿ. ಫ್ರಿಜ್ಜಿನ ಖಾಲಿ ಜಾಗದಲ್ಲಿ ಯಾವಾಗಲೂ ನೀರಿನ ಬಾಟಲಿ ತುಂಬಿಡಿ, ಬಾಗಿಲು ತೆಗೆಯಬೇಡಿ. ಒಳಗಿನ ಶಾಖ ಹೊರಗೇ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಹಾಕಿಸಿ. ಅದು 8ರ ಹತ್ತಿರ ಬಂದರೆ ಐಸ್ ಪ್ಯಾಕಿಗೆ ದಪ್ಪ ಬಟ್ಟೆ ಸುತ್ತಿ, ನಡುವೆ ರಟ್ಟು ಇಟ್ಟು, ಇನ್ಸುಲಿನ್ನನ್ನು ಥರ್ಮಾಕೋಲ್ ಪೆಟ್ಟಿಗೆಗೆ ಸಾಗಿಸಿ. ಪ್ಯಾಕ್ ಫ್ರೀಜರಿನಿಂದ ತೆಗೆದ ಕೂಡಲೇ ಇಡಬಾರದು, ಅಲುಗಿಸಿದರೆ ಒಳಗೆ ನೀರು ಕುಲುಕುವಷ್ಟು ಕರಗಿರಬೇಕು.