ಪ್ರಾಣಿ ಕಾನೂನಿನ ಪಾಠ ಹೇಳಿ ಬದುಕಬಹುದಾ?

ಮಡಿಕೇರಿಯವರು, ಎಲ್ಎಲ್‌ಬಿ ಕೊನೇ ವರ್ಷ. ಪ್ರಾಣಿಗಳ ಕಾನೂನು, ನೀತಿ ಪಾಠ ಮಾಡೋದನ್ನೇ ಉದ್ಯೋಗ ಮಾಡಿಕೊಳ್ಳಬಹುದಾ ಎಂದು ಕೇಳಿದ್ದೀರಿ. ನನ್ನ ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ಪಾಠ ಮಾಡುವುದು ಮೈಸೂರಿನಲ್ಲಿ.

ನಿಜ ಹೇಳಬೇಕೆಂದರೆ, ಈ ವಿಷಯಕ್ಕೇ ಮೇಷ್ಟ್ರು ಬೇಕು ಎನ್ನುವ ಜಾಹೀರಾತನ್ನು ನಾನು ನೋಡಿಲ್ಲ. ಕೆಲಸ ಸಿಗುವುದು ಅಪರಾಧ ಕಾನೂನಿಗೋ ಪರಿಸರ ಕಾನೂನಿಗೋ. ಕಾನೂನಿನ ಸ್ನಾತಕೋತ್ತರ ಪದವಿ ಎಲ್ಎಲ್‌ಎಂನಲ್ಲಿ ಶೇ. 55, ಜೊತೆಗೆ ಕಾಲೇಜು ಮೇಷ್ಟ್ರಾಗಲು ಬರೆಯುವ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಬೇಕು. ಒಳಗೆ ಬಂದ ಮೇಲೆ ಐಚ್ಛಿಕ ವಿಷಯವಾಗಿ ಇದನ್ನು ತರಬೇಕು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರವಿದೆ, ಕಣ್ಣಿಟ್ಟಿರಿ.

ಮೊದಲ ದಿನ ನಾನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ತೆಗೆಯುತ್ತೇನೆ. ಎತ್ತನ್ನು ಹೊಡೆದು ಹಿಂಸಿಸಿದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಹುಡುಗರು ನಗುತ್ತಾರೆ. ಆಮೇಲೆ ಕಾಡುಹಂದಿಗೆ ಹಾಕಿದ ಉರುಳಿನ ಮಾತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಉರುಳು ಹಾಕುವುದೂ ಬೇಟೆಯೇ. ಹುಲಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲು. ನಗು ನಿಲ್ಲುತ್ತದೆ.

ಆಗ ನಾನು ನರಿ ಮಂಗಲದ ವಿಷಯ ಎತ್ತುತ್ತೇನೆ. ಹಿಂದೆ ಹುಲಿ ಹೊಡೆದವನನ್ನು ಕೊಡವರು ಮದುಮಗನ ಹಾಗೆ ಕೂರಿಸಿ ಗೌರವಿಸುತ್ತಿದ್ದರು. (ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ. ಮೈಸೂರಿನ ಹುಡುಗರಿಗೆ ಇದನ್ನು ಪ್ರತಿ ವರ್ಷ ಹೇಳಬೇಕು, ಇಲ್ಲದಿದ್ದರೆ 'ನರಿಗೆ ಇಷ್ಟೊಂದಾ ಮೇಡಂ?' ಅಂತಾರೆ.) ಅಂದು ಮರ್ಯಾದೆ, ಇಂದು ಜೈಲು. ಇಷ್ಟರಲ್ಲಿ ಬದಲಾಗಿದ್ದು ಹುಲಿಯಲ್ಲ, ಅಲ್ವಾ?

ಕಾನೂನು ಹೇಳಿಕೊಡುವುದು ಸುಲಭ. ನೀತಿಯ ಪಾಠ ಕಷ್ಟ. ಒಮ್ಮೆ ನಮ್ಮ ಕಡೆಯದೇ ಹುಡುಗಿ ಎದ್ದು ನಿಂತಳು. ಅವರ ತೋಟದಲ್ಲಿ ಕೆಲಸಕ್ಕೆ ಬರುತ್ತಿದ್ದ ಹೆಂಗಸನ್ನು ಕಾಡಾನೆ ತುಳಿದಿತ್ತು. 'ಆನೆಗೂ ಹಕ್ಕಿದೆ ಅಂತ ಅವಳ ಮಕ್ಕಳಿಗೆ ನೀವೇ ಬಂದು ಹೇಳಿ' ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಾಠ ಅಲ್ಲಿಗೇ ನಿಂತಿತು. ಈಗ ಪ್ರತಿ ವರ್ಷ ನೀತಿಯ ಪಾಠವನ್ನು ಆ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಒಬ್ಬರು ಆನೆಯ ಪರ ವಾದಿಸಬೇಕು, ಒಬ್ಬರು ಆ ಹೆಂಗಸಿನ ಪರ, ಒಬ್ಬರು ಕಾಫಿ ನೆರಳಿಗೆ ಹಲಸು ಬೆಳೆಸಿದ ಸಾಹುಕಾರರ ಪರ. ಹಲಸು ಹಣ್ಣಾದಾಗ ಆನೆ ಬಂದೇ ಬರುತ್ತದೆ ಎಂಬುದು ಮೂವರಿಗೂ ಗೊತ್ತು. ಗಂಟೆ ಹೊಡೆದರೂ ಜಗಳ ಮುಗಿಯುವುದಿಲ್ಲ.

ಹಾಗಾಗಿ ಎಲ್ಎಲ್‌ಎಂಗೆ ಮೊದಲು ಒಂದು ವರ್ಷ ಊರ ಕೋರ್ಟಿನಲ್ಲಿ ಕೂತು ಇಂಥ ಕೇಸು ನೋಡಿ. ಇನ್ನೊಂದು: ಪ್ರಾಣಿ ಕೊಲ್ಲುವ, ಅಂಗ ಊನ ಮಾಡುವ ಅಪರಾಧ ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ (ಐಪಿಸಿ) ಸೆಕ್ಷನ್ 428, 429 ಆಗಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325. ಸೀನಿಯರ್‌ಗಳ ಹಳೇ ನೋಟ್ಸ್ ನಂಬಿ ನೆಟ್ ಬರೆಯಬೇಡಿ.